ಗುಜರಿ ಸಾಮಾನಿನಿಂದ ಒಂದು ಸೌರ ಚಾರ್ಜರು

ಉರಿಯದೆ ನಿಂತುಹೋದ ಸೌರ ಲಾಟೀನು ಕೆಲವು ತಿಂಗಳು ಮನೆಯ ಅಟ್ಟದ ಮೇಲೆ ಬಿದ್ದಿದ್ದು, ಕೊನೆಗೊಂದು ದಿನ ಗುಜರಿಯವನ ತಕ್ಕಡಿಗೆ ಏರುವುದು ಎಲ್ಲರೂ ಕಂಡ ಸಂಗತಿ. ಆದರೆ ಆ ಲಾಟೀನಿನಲ್ಲಿ ನಿಜವಾಗಿ ಕೆಟ್ಟದ್ದು ಯಾವುದು? ಬಹುಪಾಲು ಸಂದರ್ಭಗಳಲ್ಲಿ ಅದರೊಳಗಿನ ಬ್ಯಾಟರಿ ಮಾತ್ರ. ಸೀಸ ಮತ್ತು ಆಮ್ಲದ ಚಿಕ್ಕ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೋತುಹೋಗುವುದು. ಗಾಜಿನ ಹೊದಿಕೆಯುಳ್ಳ ಸಿಲಿಕಾನ್ ಫಲಕವಾದರೋ, ಗಾಜು ಒಡೆಯದಿದ್ದರೆ, ಇಪ್ಪತ್ತು ಇಪ್ಪತ್ತೈದು ವರ್ಷ ಬಾಳಬಲ್ಲದು. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿಯ ಕಥೆಯೂ ಇಂಥದೇ. ಅಂಥ ಅನೇಕ ಬ್ಯಾಟರಿ ಪೆಟ್ಟಿಗೆಗಳಲ್ಲಿ ಆರು ಕೋಶಗಳಿರುವುವು. ಅವುಗಳಲ್ಲಿ ಒಂದೆರಡು ದುರ್ಬಲವಾದರೂ ಸಾಕು, ಒಳಗಿನ ರಕ್ಷಣಾ ಮಂಡಲವು ಇಡೀ ಪೆಟ್ಟಿಗೆಯನ್ನು ನಿಲ್ಲಿಸಿಬಿಡುವುದು. ಒಬ್ಬಿಬ್ಬರ ದೌರ್ಬಲ್ಯಕ್ಕೆ ಆರು ಮಂದಿಗೂ ನಿವೃತ್ತಿ!

ಹೀಗೆ ಎಸೆದ ವಸ್ತುಗಳಲ್ಲಿ ಇನ್ನೂ ಜೀವವಿರುವ ಭಾಗಗಳನ್ನು ಆಯ್ದುಕೊಂಡು, ಕೈಚೀಲದಲ್ಲಿ ಒಯ್ಯಬಹುದಾದ ಒಂದು ಸೌರ ಚಾರ್ಜರನ್ನು ಕಟ್ಟುವ ಬಗೆಯನ್ನು ಇಲ್ಲಿ ವಿವರಿಸುವೆವು. ಭಾಗಗಳು ನಾಲ್ಕೇ: ಬಿಸಿಲನ್ನು ವಿದ್ಯುತ್ತಾಗಿ ಮಾರ್ಪಡಿಸುವ ಫಲಕ, ಆ ವಿದ್ಯುತ್ತನ್ನು ಹದವರಿತು ಕೋಶಕ್ಕೆ ತುಂಬುವ ಪುಟ್ಟ ಮಂಡಲ, ಅದನ್ನು ಕೂಡಿಡುವ ಕೋಶ, ಮತ್ತು ಕೋಶದ ವೋಲ್ಟೇಜನ್ನು ಮೊಬೈಲಿಗೆ ಬೇಕಾದ 5 ವೋಲ್ಟಿಗೆ ಏರಿಸುವ ಇನ್ನೊಂದು ಮಂಡಲ. ಇವನ್ನು ಜೋಡಿಸುವುದು ಒಂದು ಗಂಟೆಯ ಕೆಲಸ. ಕಷ್ಟವಿರುವುದು ಬೇರೆ ಕಡೆ. ಹೊಸ ಭಾಗದ ಮೇಲೆ ಅದರ ಗುಣಗಳು ಅಚ್ಚಾಗಿರುತ್ತವೆ. ಗುಜರಿಯಿಂದ ಬಂದ ಭಾಗದ ಮೇಲಿರುವ ಅಚ್ಚು ಅದರ ಯೌವನದ ಕಾಲದ್ದು. ಈಗಿನ ಯೋಗ್ಯತೆಯನ್ನು ನಾವೇ ಅಳೆದು ತಿಳಿಯಬೇಕು. ಅಳೆಯದೆ ಜೋಡಿಸಿದ ಚಾರ್ಜರು ಕೆಲಸ ಮಾಡದಿದ್ದರೆ ಅದು ಸಣ್ಣ ನಷ್ಟ. ಬೆಂಕಿ ಹತ್ತಿಕೊಂಡರೆ ಸಣ್ಣದಲ್ಲ. ಬೇಕಾದ ಸಲಕರಣೆಗಳಾದರೋ ಅಲ್ಪ: ಒಂದು ಸಾಧಾರಣ ಮಲ್ಟಿಮೀಟರು, 5 ವಾಟ್ ತಾಳಬಲ್ಲ ಕೆಲವು ರೋಧಕಗಳು, ಒಂದು ಬೆಸುಗೆ ಕಡ್ಡಿ, ಒಂದು ಗಡಿಯಾರ.

ಮೊದಲು ಫಲಕವನ್ನು ನೋಡೋಣ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಚಾಪಿನ್, ಫುಲರ್, ಪಿಯರ್ಸನ್ ಎಂಬ ಮೂವರು ತೋರಿಸಿದ ಸಿಲಿಕಾನ್ ಕೋಶವು ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಸುಮಾರು ಆರು ಪಾಲನ್ನು ಮಾತ್ರ ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಇಂದಿನ ಒಳ್ಳೆಯ ಕೋಶ ಇಪ್ಪತ್ತು ಪಾಲನ್ನು ದಾಟುವುದು. ಪಾವಗಡದ 2,050 ಮೆಗಾವಾಟ್ ಸೌರ ಸ್ಥಾವರದಲ್ಲಿರುವ ಫಲಕಕ್ಕೂ ನಮ್ಮ ಕೈಯಲ್ಲಿರುವ ಮುರುಕು ಲಾಟೀನಿನ ಫಲಕಕ್ಕೂ ತತ್ತ್ವ ಒಂದೇ. ಬೆಳಕಿನ ಕಣವೊಂದು ಸಿಲಿಕಾನಿನೊಳಕ್ಕೆ ನುಗ್ಗಿ, ಬಂಧನದಲ್ಲಿದ್ದ ಎಲೆಕ್ಟ್ರಾನನ್ನು ಬಿಡಿಸುವುದು. ಎರಡು ಬಗೆಯ ಸಿಲಿಕಾನ್ ಕೂಡುವ ಸಂಧಿಯಲ್ಲಿರುವ ವಿದ್ಯುತ್ ಕ್ಷೇತ್ರವು ಆ ಎಲೆಕ್ಟ್ರಾನನ್ನು ಒಂದೇ ದಿಕ್ಕಿಗೆ ತಳ್ಳುವುದು. ಇಲ್ಲಿ ಗಮನಿಸಬೇಕಾದುದೇನೆಂದರೆ, ಕೋಶವು ಅಂಗೈಯಗಲವಿರಲಿ, ಬೆರಳಿನಗಲವಿರಲಿ, ಅದರ ವೋಲ್ಟೇಜು ಒಂದೇ, ಸುಮಾರು 0.5ರಿಂದ 0.6 ವೋಲ್ಟ್. ಅಗಲ ಹೆಚ್ಚಿದಂತೆ ಹೆಚ್ಚುವುದು ಪ್ರವಾಹ. ಆದುದರಿಂದ ಫಲಕದ ಮೇಲಿನ ಪಟ್ಟಿಗಳನ್ನು ಎಣಿಸಿದರೆ ವೋಲ್ಟೇಜನ್ನು ಊಹಿಸಬಹುದು. ಹನ್ನೆರಡು ಕೋಶಗಳ ಸರಣಿ ಇದ್ದರೆ ಅದು '6 ವೋಲ್ಟ್' ಫಲಕ. ಏನನ್ನೂ ಜೋಡಿಸದೆ ಬಿಸಿಲಿಗೆ ಹಿಡಿದಾಗ 7 ವೋಲ್ಟಿನ ಆಸುಪಾಸು ತೋರುವುದು. ಮೂವತ್ತಾರು ಇದ್ದರೆ ಅದು '12 ವೋಲ್ಟ್' ಫಲಕ. ತೋರುವುದು 21 ವೋಲ್ಟಿನಷ್ಟು. ನಮ್ಮ ಕೆಲಸಕ್ಕೆ ಬೇಕಾದುದು ಮೊದಲನೆಯದು ಮಾತ್ರ. ಕಾರಣವನ್ನು ಮುಂದೆ ಹೇಳುವೆವು.

ಬಳಿಕ ಫಲಕದ ಎರಡು ತಂತಿಗಳನ್ನು ಆಂಪಿಯರ್ ಅಳೆಯುವಂತೆ ಇಟ್ಟ ಮೀಟರಿಗೆ ನೇರವಾಗಿ ಸೇರಿಸಬೇಕು. ಈ ಮಾತನ್ನು ಹೇಳಿದೊಡನೆ ತರಗತಿಯಲ್ಲಿ ಯಾರಾದರೊಬ್ಬರು ಬೆಚ್ಚಿ ಏಳುವುದುಂಟು: ಹಾಗೆ ಮಾಡಿದರೆ ಶಾರ್ಟ್ ಆಗುವುದಿಲ್ಲವೇ? ಆಗುವುದು, ಬ್ಯಾಟರಿಗೆ ಹೀಗೆ ಮಾಡಿದರೆ ಮೀಟರಿಗೂ ಕೈಗೂ ಅಪಾಯವೇ. ಆದರೆ ಸೌರ ಫಲಕ ಬೇರೆ ಜಾತಿಯದು. ಅದರಲ್ಲಿ ಕೂಡಿಟ್ಟ ಸಂಪತ್ತಿಲ್ಲ. ಆ ಕ್ಷಣದಲ್ಲಿ ಬಿದ್ದ ಬೆಳಕು ಬಿಡಿಸಿದಷ್ಟು ಎಲೆಕ್ಟ್ರಾನುಗಳೇ ಅದರ ಆದಾಯವೆಲ್ಲ. ಆದುದರಿಂದ ಈ ಪ್ರವಾಹಕ್ಕೆ ಬೆಳಕೇ ಮಿತಿ. ನಮ್ಮ ಹನ್ನೆರಡು ಕೋಶಗಳ ಫಲಕ ನಡುಹಗಲ ಬಿಸಿಲಿನಲ್ಲಿ 0.5 ಆಂಪಿಯರ್ ಕೊಟ್ಟಿತೆಂದು ಇಟ್ಟುಕೊಳ್ಳೋಣ. 7 ವೋಲ್ಟನ್ನು 0.5ರಿಂದ ಗುಣಿಸಿ 3.5 ವಾಟ್ ಸಿಕ್ಕಿತೆಂದು ಹಿಗ್ಗಬಾರದು. ಪೂರ್ಣ ವೋಲ್ಟೇಜು ಇರುವಾಗ ಪ್ರವಾಹವಿಲ್ಲ, ಪೂರ್ಣ ಪ್ರವಾಹವಿರುವಾಗ ವೋಲ್ಟೇಜಿಲ್ಲ. 5, 12, 50 ಓಮ್ ರೋಧಕಗಳನ್ನು ಒಂದೊಂದಾಗಿ ಜೋಡಿಸಿ ವೋಲ್ಟೇಜನ್ನು ಅಳೆದು, ಅದರ ವರ್ಗವನ್ನು ಓಮಿನಿಂದ ಭಾಗಿಸಿದರೆ ವಾಟ್ ಬರುವುದು. ಇಂಥ ಫಲಕಕ್ಕೆ 12 ಓಮಿನ ಹತ್ತಿರ ಅದು ಗರಿಷ್ಠವಾಗಿ, ಸುಮಾರು ಎರಡೂವರೆ ವಾಟ್ ಇರಬೇಕು. ಗುಣಲಬ್ಧದ ನೂರರಲ್ಲಿ ಎಪ್ಪತ್ತು ಪಾಲಿಗಿಂತ ತೀರ ಕಡಮೆ ಬಂದರೆ ಫಲಕದೊಳಗೆ ಬೆಸುಗೆ ಬಿಟ್ಟಿದೆಯೆಂದೋ ತೇವ ಹೊಕ್ಕಿದೆಯೆಂದೋ ಸಂಶಯಪಡಬೇಕು. ಗಾಜಿಲ್ಲದೆ ಬರಿಯ ರಾಳದ ಹೊದಿಕೆಯುಳ್ಳ ಫಲಕಗಳು ಹಳದಿಯಾಗಿ ಮಂಕಾಗುವುದೂ ಉಂಟು.

ಫಲಕ ಬಿಸಿಲಿನಲ್ಲಿರುವಾಗಲೇ ಇನ್ನೊಂದು ಪ್ರಯೋಗವನ್ನು ಮಾಡಬಹುದು. 12 ಓಮ್ ರೋಧಕವನ್ನು ಜೋಡಿಸಿಟ್ಟು, ಒಂದೇ ಒಂದು ಕೋಶವನ್ನು ಅಂಗೈಯಿಂದ ಮುಚ್ಚಿರಿ. ಹನ್ನೆರಡರಲ್ಲಿ ಒಂದು ಪಾಲು ಮಾತ್ರ ಇಳಿಯಬೇಕೆಂದು ಲೆಕ್ಕ ಹೇಳುವುದು. ಮೀಟರು ಹೇಳುವುದು ಬೇರೆ. ಸರಣಿಯಲ್ಲಿ ಎಲ್ಲ ಕೋಶಗಳ ಮೂಲಕವೂ ಒಂದೇ ಪ್ರವಾಹ ಹರಿಯಬೇಕಾದುದರಿಂದ, ಕತ್ತಲಾದ ಕೋಶವು ಕಾಲುವೆಗೆ ಅಡ್ಡ ಹಾಕಿದ ಕಲ್ಲಿನಂತೆ ಇಡೀ ಹರಿವನ್ನು ತಡೆಯುವುದು. ಅಂಗಳದ ತೆಂಗಿನ ಗರಿಯ ನೆರಳು ಚಾರ್ಜರಿನ ಅರ್ಧ ದಿನವನ್ನೇ ತಿಂದುಹಾಕಬಲ್ಲದೆಂಬುದು ಇದರಿಂದ ತಿಳಿಯುವುದು.

ಈಗ ಕೋಶ. ಲ್ಯಾಪ್‌ಟಾಪಿನ ಪೆಟ್ಟಿಗೆಯಲ್ಲಿ ಸಿಕ್ಕುವುದು ಸಾಮಾನ್ಯವಾಗಿ '18650' ಎಂಬ ಲಿಥಿಯಂ ಅಯಾನು ಕೋಶ: 18 ಮಿಲಿಮೀಟರು ವ್ಯಾಸ, 65 ಮಿಲಿಮೀಟರು ಉದ್ದ. ಈ ಜಾತಿಯ ಕೋಶ 1991ರಲ್ಲಿ ಮಾರುಕಟ್ಟೆಗೆ ಬಂದಿತು. ಇದರ ಹಿಂದಿನ ಸಂಶೋಧನೆಗೆ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಅವರು 2019ರ ರಸಾಯನ ವಿಜ್ಞಾನದ ನೊಬೆಲ್ ಬಹುಮಾನವನ್ನು ಪಡೆದರು. ತೂಕಕ್ಕೆ ಹೋಲಿಸಿದರೆ ಇದು ಕೂಡಿಡುವ ಶಕ್ತಿ ಅಪಾರ. ಒಳಗಿರುವ ದ್ರವವಾದರೋ ಉರಿಯುವಂಥದು. ಆದುದರಿಂದ ಪೆಟ್ಟಿಗೆಯನ್ನು ಒಡೆಯುವ ಕೆಲಸವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ತಾವಾಗಿಯೇ ಮಾಡಕೂಡದು. ಅಧ್ಯಾಪಕರ ಎದುರಿನಲ್ಲಿ, ಸಿಮೆಂಟಿನ ನೆಲದ ಮೇಲೆ ಮಾಡತಕ್ಕುದು. ಅಷ್ಟು ಅನುಕೂಲವಿಲ್ಲದವರು ಕೋಶವೊಂದನ್ನು ಹೊಸದಾಗಿಯೇ ಕೊಳ್ಳಲಿ. ಉಳಿದ ಭಾಗಗಳು ಗುಜರಿಯವಾದರೆ ಸಾಕು.

ಕೋಶದ ತಗಡಿನ ಮೈಯೆಲ್ಲ ಋಣಾಗ್ರ. ತಲೆಯ ಮೇಲಿನ ಗುಬುಟು ಮಾತ್ರ ಧನಾಗ್ರ. ಇವೆರಡರ ನಡುವೆ ಇರುವುದು ತೆಳುವಾದ ಪ್ಲಾಸ್ಟಿಕ್ ಹೊದಿಕೆ ಮತ್ತು ಒಂದು ಉಂಗುರ. ತಿರುಪುಳಿಯಿಂದ ಮೀಟುವಾಗ ಹೊದಿಕೆ ಹರಿದರೆ, ಮೈ ನೆಗ್ಗಿದರೆ, ಅಥವಾ ದ್ರಾವಕದಂಥ ಸಿಹಿ ವಾಸನೆ ಬಂದರೆ ಆ ಕೋಶದ ಆಸೆಯನ್ನು ಬಿಡಬೇಕು. ಉಳಿದವುಗಳ ವೋಲ್ಟೇಜನ್ನು ಅಳೆಯಿರಿ. 2 ವೋಲ್ಟಿಗಿಂತ ಕೆಳಗಿದ್ದರೆ ಅದೂ ತ್ಯಾಜ್ಯವೇ. ಏಕೆ? ಅಷ್ಟು ಬರಿದಾದ ಕೋಶದಲ್ಲಿ ಋಣಾಗ್ರದ ತಾಮ್ರದ ಹಾಳೆ ಕರಗತೊಡಗುವುದು. ಮತ್ತೆ ಚಾರ್ಜು ಮಾಡಿದಾಗ ಆ ತಾಮ್ರವು ಬೇರೆಡೆ ಹರಳುಗಟ್ಟಿ, ಒಳಗೊಳಗೇ ಶಾರ್ಟ್ ಆಗುವ ಸಂಭವವುಂಟು. 'ಚಾರ್ಜು ಹಿಡಿಯಿತಲ್ಲ, ಸರಿಯಾಗಿದೆ' ಎಂದು ಸಮಾಧಾನಪಡುವವರು ಈ ತಾಮ್ರವನ್ನು ಮರೆಯುತ್ತಾರೆ.

ಆಯ್ದ ಕೋಶವನ್ನು 4.2 ವೋಲ್ಟಿನವರೆಗೆ ತುಂಬಬೇಕು. ಎದುರಿಗೆ ಕುಳಿತೇ ತುಂಬಬೇಕು. ನಡುವೆ ಕೈಗೆ ಬಿಸಿ ತಗುಲಿದರೆ ಕೂಡಲೆ ಬಿಡಿಸಿ ಹೊರಗಿಡಿ. ತುಂಬಿದ ಮೇಲೆ ಎರಡು ವಾರ ಸುಮ್ಮನೆ ಇಟ್ಟು ನೋಡಬೇಕು. ವೋಲ್ಟೇಜು 4.1ರ ಮೇಲೆಯೇ ನಿಂತಿದ್ದರೆ ಒಳ್ಳೆಯದು. 4ಕ್ಕಿಂತ ಕೆಳಗಿಳಿದಿದ್ದರೆ ಒಳಗೆ ಸೋರಿಕೆಯಿದೆ. ಅವಸರದವರು ಬಿಟ್ಟುಬಿಡುವುದು ಈ ಎರಡು ವಾರವನ್ನೇ. ನಮ್ಮ ಅಭಿಪ್ರಾಯದಲ್ಲಿ ಎಲ್ಲ ಪರೀಕ್ಷೆಗಳಲ್ಲಿಯೂ ಮುಖ್ಯವಾದುದು ಇದೇ. ಕೊನೆಯದಾಗಿ, ಮತ್ತೆ ಪೂರ್ತಿ ತುಂಬಿ, 8 ಓಮ್ ರೋಧಕವನ್ನು ಜೋಡಿಸಿ, ಹತ್ತು ಹತ್ತು ನಿಮಿಷಕ್ಕೆ ವೋಲ್ಟೇಜನ್ನು ಬರೆದುಕೊಳ್ಳುತ್ತ 3 ವೋಲ್ಟಿಗೆ ಇಳಿಯುವವರೆಗೆ ಕಾಯಿರಿ. ಪ್ರತಿಸಲದ ವೋಲ್ಟೇಜನ್ನು 8ರಿಂದ ಭಾಗಿಸಿದರೆ ಪ್ರವಾಹ. ಅದನ್ನು ಕಾಲದಿಂದ ಗುಣಿಸಿ ಕೂಡಿದರೆ ಕೋಶದ ಧಾರಣ ಸಾಮರ್ಥ್ಯ. ಮೊದಲು 2.2 ಆಂಪಿಯರ್-ಗಂಟೆ ಇದ್ದ ಕೋಶವು ಈಗ ಒಂದೂವರೆ ಕೊಟ್ಟರೂ ನಮಗೆ ಲಾಭವೇ. ರೋಧಕ ಸುಡುವಷ್ಟು ಕಾಯುವುದು, ಮುಟ್ಟಬೇಡಿ.

ತಿರಸ್ಕರಿಸಿದ ಕೋಶಗಳನ್ನು ಕಸದ ಬುಟ್ಟಿಗೆ ಹಾಕಬಾರದು. ಎರಡು ಅಗ್ರಗಳಿಗೂ ಅಂಟುಪಟ್ಟಿ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು; ಬ್ಯಾಟರಿ ತ್ಯಾಜ್ಯಕ್ಕೆಂದೇ 2022ರಲ್ಲಿ ಭಾರತ ಸರ್ಕಾರವು ನಿಯಮಗಳನ್ನು ಹೊರಡಿಸಿದೆ.

ಲಿಥಿಯಂ ಕೋಶವನ್ನು ತುಂಬುವುದು ಕಿರಿದಾದ ಕೊರಳಿನ ಹೂಜಿಗೆ ನೀರು ತುಂಬಿದಂತೆ: ಮೊದಲು ಧಾರಾಳವಾಗಿ ಸುರಿಯಬಹುದು, ಕೊರಳು ಸಮೀಪಿಸಿದಂತೆ ಧಾರೆಯನ್ನು ಕಿರಿದು ಮಾಡಬೇಕು, ತುಂಬಿದೊಡನೆ ನಿಲ್ಲಿಸಬೇಕು. ಇದನ್ನು ನಮ್ಮ ಪರವಾಗಿ ಮಾಡುವುದು 'ಟಿಪಿ 4056' ಎಂಬ ಚಿಪ್ಪು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅದರ ಸಿದ್ಧ ಹಲಗೆ ಅಗ್ಗವಾಗಿ ದೊರೆಯುವುದು. ನಾಲ್ಕರ ಬದಲು ಆರು ಬೆಸುಗೆ ಬಿಂದುಗಳಿರುವುದನ್ನು ಕೇಳಿ ತೆಗೆದುಕೊಳ್ಳಬೇಕು; ಅದರಲ್ಲಿ ಕೋಶವು ಅತಿಯಾಗಿ ಬರಿದಾಗದಂತೆ ತಡೆಯುವ ರಕ್ಷಣೆಯೂ ಇರುವುದು. ಈ ಚಿಪ್ಪು ತಾಳುವುದು 8 ವೋಲ್ಟಿನವರೆಗೆ ಮಾತ್ರ. ಮೂವತ್ತಾರು ಕೋಶಗಳ ಫಲಕವನ್ನು ಬೇಡವೆಂದುದು ಇದಕ್ಕೇ. ಹಳೆಯ ಪುಸ್ತಕಗಳು ಫಲಕದ ಮುಂದೆ ಒಂದು ಡಯೋಡನ್ನು ಹಾಕಲು ಹೇಳುವುವು. ರಾತ್ರಿ ಹಿಮ್ಮುಖ ಪ್ರವಾಹವನ್ನು ಈ ಚಿಪ್ಪು ತಾನೇ ತಡೆಯುವುದರಿಂದ ಅದು ಇಲ್ಲಿ ಅನಾವಶ್ಯಕ. ಹಲಗೆಯ ಮೇಲಿನ 1.2 ಕಿಲೋಓಮ್ ರೋಧಕವು ಪ್ರವಾಹವನ್ನು 1 ಆಂಪಿಯರಿಗೆ ನಿಗದಿಮಾಡಿರುತ್ತದೆ. ಮೋಡದ ದಿನ ಮನೆಯ ಮೊಬೈಲ್ ಚಾರ್ಜರಿನಿಂದಲೂ ಇದನ್ನು ತುಂಬುವ ಆಸೆಯಿದ್ದರೆ, ಅಲ್ಲಿ 2 ಕಿಲೋಓಮ್ ಹಾಕಿರಿ. ಪ್ರವಾಹ ಸುಮಾರು 0.58 ಆಂಪಿಯರಿಗೆ ಇಳಿದು ಮುದಿ ಕೋಶಕ್ಕೆ ಹಿತವಾಗುವುದು.

ಕೋಶಕ್ಕೆ ನೇರವಾಗಿ ಬೆಸುಗೆ ಹಾಕಕೂಡದು, ಆ ಶಾಖ ಒಳಗಿನ ಪೊರೆಗಳನ್ನು ಕೆಡಿಸುವುದು. ಸ್ಪ್ರಿಂಗು ಇರುವ ಪ್ಲಾಸ್ಟಿಕ್ ತೊಟ್ಟಿಲಲ್ಲಿ ಕೂರಿಸಬೇಕು. ವೋಲ್ಟೇಜನ್ನು 5ಕ್ಕೆ ಏರಿಸುವ ಹಲಗೆಯನ್ನು ಕೆಟ್ಟ ಪವರ್ ಬ್ಯಾಂಕಿನಿಂದ ತೆಗೆಯಬಹುದು. ಅದರಲ್ಲಿರುವ ತಂತಿಯ ಸುರುಳಿಯಲ್ಲಿ ಹರಿಯುವ ಪ್ರವಾಹವನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ತಡೆಯಲಾಗುತ್ತದೆ. ಓಡುವ ಬಸ್ಸನ್ನು ತಟ್ಟನೆ ನಿಲ್ಲಿಸಿದಾಗ ನಿಂತವರು ಮುಂದಕ್ಕೆ ಮುಗ್ಗರಿಸುವಂತೆ, ತಡೆದ ಪ್ರವಾಹವು ಹೆಚ್ಚಿನ ವೋಲ್ಟೇಜಿನಿಂದ ಮುನ್ನುಗ್ಗುವುದು.

ಜೋಡಿಸುವಾಗ ಅನೇಕರು ಎಲ್ಲವನ್ನೂ ಫಲಕದ ಬೆನ್ನಿಗೇ ಅಂಟಿಸಿ ಒಂದೇ ಹಲಗೆಯಾಗಿ ಮಾಡುವರು. ನೋಡಲು ಅಂದ, ಆದರೆ ಫಲಕಕ್ಕೆ ಬಿಸಿಲು ಬೇಕು, ಕೋಶಕ್ಕೆ ನೆರಳು ಬೇಕು. ಬಿಸಿಲಿಗಿಟ್ಟ ಫಲಕದ ಬೆನ್ನು ಸುಲಭವಾಗಿ 60 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು. ಲಿಥಿಯಂ ಕೋಶವನ್ನು 45 ಡಿಗ್ರಿಯ ಮೇಲೆ ಚಾರ್ಜು ಮಾಡಬಾರದು. ಆದುದರಿಂದ ಕೋಶ ಮತ್ತು ಹಲಗೆಗಳನ್ನು ಬೇರೆ ಡಬ್ಬಿಯಲ್ಲಿಟ್ಟು, ನಡುವೆ ಒಂದು ಮಾರಿನಷ್ಟು ತಂತಿ ಬಿಡಿ. ಫಲಕ ಅಂಗಳದಲ್ಲಿ, ಡಬ್ಬಿ ಜಗಲಿಯ ನೆರಳಿನಲ್ಲಿ. ಕಾದಾಗ ಫಲಕವೂ ಸೊರಗುವುದು: ಪ್ರತಿ ಡಿಗ್ರಿಗೆ ಪ್ರತಿ ಕೋಶದ ವೋಲ್ಟೇಜು ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಅದನ್ನು ತಗಡಿನ ಮಾಡಿನ ಮೇಲೆ ಮಲಗಿಸುವುದಕ್ಕಿಂತ, ಬೆನ್ನಿಗೆ ಗಾಳಿಯಾಡುವಂತೆ ಓರೆಯಾಗಿ ನಿಲ್ಲಿಸುವುದು ಮೇಲು.

ಇಷ್ಟೆಲ್ಲ ಮಾಡಿ ದೊರೆಯುವುದೆಷ್ಟು? ಒಳ್ಳೆಯ ಬಿಸಿಲಿನ ಒಂದು ದಿನವು ನಡುಹಗಲಿನ ಬಿಸಿಲಿನ ಐದು ಗಂಟೆಗೆ ಸಮವೆಂದು ಎಣಿಸಿದರೆ, 0.45 ಆಂಪಿಯರಿನಂತೆ ಎರಡು ಆಂಪಿಯರ್-ಗಂಟೆಗೆ ತುಸು ಮೇಲೆ. ಒಂದೂವರೆ ಆಂಪಿಯರ್-ಗಂಟೆಯ ಹಳೆಯ ಕೋಶ ಇಷ್ಟರಲ್ಲಿ ತುಂಬಿಹೋಗುವುದು. ಅದರಲ್ಲಿ ನಿಂತ ಶಕ್ತಿ ಸುಮಾರು 5.5 ವಾಟ್-ಗಂಟೆ. ವೋಲ್ಟೇಜು ಏರಿಸುವಾಗ ಆಗುವ ನಷ್ಟ ಕಳೆದು ಹೊರಬರುವುದು ನಾಲ್ಕೂವರೆಯ ಮೇಲೆ. ಇಂದಿನ ಮೊಬೈಲಿನ ಬ್ಯಾಟರಿ 15 ವಾಟ್-ಗಂಟೆಯದಾದರೆ, ಅದರ ಕಾಲು ಪಾಲಿನ ಮೇಲೆ ಸ್ವಲ್ಪ ತುಂಬೀತು. ಮಾತಾಡಲು ಸಾಕು, ಸಿನಿಮಾ ನೋಡಲು ಸಾಲದು. 1 ವಾಟಿನ ಎಲ್‌ಇಡಿ ದೀಪವಾದರೆ ನಾಲ್ಕು ಗಂಟೆಗೂ ಹೆಚ್ಚು ಕಾಲ ಓದಬಹುದು. ಮಳೆಗಾಲದ ದಟ್ಟ ಮೋಡದಲ್ಲಿ ಪ್ರವಾಹವು ಹತ್ತನೆಯ ಒಂದು ಪಾಲಿಗೂ ಇಳಿಯಬಹುದು. ಆಗ ಚಾರ್ಜರನ್ನು ತೆಗೆದಿಡುವುದಾದರೆ ಕೋಶವನ್ನು ಪೂರ್ತಿ ತುಂಬಿಯೂ ಅಲ್ಲ, ಬರಿದು ಮಾಡಿಯೂ ಅಲ್ಲ, 3.7 ವೋಲ್ಟಿನ ಸುಮಾರಿಗೆ ತಂದು, ತೊಟ್ಟಿಲಿನಿಂದ ಬಿಡಿಸಿ, ತಣ್ಣಗಿನ ಒಣ ಜಾಗದಲ್ಲಿಡಬೇಕು. ತಿಂಗಳಿಗೊಮ್ಮೆ ಮೀಟರು ಹಿಡಿದು ನೋಡಬೇಕು.