ಮಕ್ಕಳ ಜ್ಞಾನಮಾಲೆಗಳನ್ನು ಆರಿಸುವ ಬಗೆ

ಒಂದೇ ಹೆಸರಿನಡಿ, ಒಂದೇ ಅಳತೆಯಲ್ಲಿ, ಒಂದೇ ಬಗೆಯ ಹೊದಿಕೆ ತೊಟ್ಟು ಒಂದರ ಹಿಂದೊಂದಾಗಿ ಹೊರಬರುವ ಪುಸ್ತಕಗಳಿಗೆ ಮಾಲೆ ಎಂದು ಹೆಸರು. ಕಥೆಗಳ ಮಾಲೆಗಳಿರುವಂತೆ ತಿಳುವಳಿಕೆಯ ಮಾಲೆಗಳೂ ಇವೆ. ಗ್ರಹ ನಕ್ಷತ್ರ, ಪ್ರಾಣಿ ಪಕ್ಷಿ, ಯಂತ್ರ, ದೇಶಗಳ ಚರಿತ್ರೆ, ಮಹನೀಯರ ಜೀವನ ಇವು ಅವುಗಳ ವಸ್ತು. ಈ ಎರಡನೆಯ ಬಗೆಯ ಮಾಲೆಗಳನ್ನು ಮಕ್ಕಳಿಗಾಗಿ ಆರಿಸುವುದು ಹೇಗೆ ಎಂಬುದನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ಇದು ಪಂಡಿತರಿಗೆ ಮಾತ್ರ ಸೇರಿದ ವಿಷಯವಲ್ಲ. ಘಣಸೋಲಿಯಲ್ಲಿ ಕಟ್ಟಡದ ಕೆಲಸ, ಕಾರ್ಖಾನೆಯ ಕೆಲಸ, ಹೋಟೆಲಿನ ಕೆಲಸ, ಗುಮಾಸ್ತಗಿರಿ ಮಾಡಿಕೊಂಡಿರುವ ನಮ್ಮವರಲ್ಲಿ ಅನೇಕರ ಮಕ್ಕಳು ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಮಕ್ಕಳು ಮುಂದೆ ಬರಲಿ ಎಂಬ ಆಸೆಯಿಂದ ತಂದೆತಾಯಿಗಳು ಹತ್ತು ಹನ್ನೆರಡು ಪುಸ್ತಕಗಳ ಕಟ್ಟನ್ನು ಒಟ್ಟಿಗೆ ಕೊಳ್ಳುವುದುಂಟು. ಹಲವು ದಿನಗಳ ಕೂಲಿ ಅದಕ್ಕೆ ಹೋಗುತ್ತದೆ. ಕೊಳ್ಳುವಾಗ ಒಳಗೆ ಏನಿದೆ ಎಂದು ತೆರೆದು ನೋಡುವವರು ಕಡಮೆ. “ನಾವು ಹೆಚ್ಚು ಓದಿದವರಲ್ಲ, ಪುಸ್ತಕದ ಗುಣದೋಷ ನಮಗೆ ಹೇಗೆ ತಿಳಿದೀತು?” ಎಂಬ ಸಂಕೋಚವೇ ಇದಕ್ಕೆ ಕಾರಣ. ಈ ಸಂಕೋಚ ಬೇಡವೆಂಬುದೇ ನಮ್ಮ ಮಾತು. ದುಡಿಯುವವನ ಕೈಯಲ್ಲಿ ಪುಸ್ತಕವನ್ನು ಅಳೆಯುವ ಒಳ್ಳೆಯ ಅಳತೆಗೋಲೇ ಇದೆ.

ಕನ್ನಡಕ್ಕೆ ಜ್ಞಾನಮಾಲೆಗಳು ಹೊಸವಲ್ಲ. ಶಿವರಾಮ ಕಾರಂತರು 1936ರಲ್ಲಿಯೇ ‘ಬಾಲ ಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಹೊರತಂದರು, ಮುಂದೆ 1959ರಿಂದ 1964ರ ಅವಧಿಯಲ್ಲಿ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಕೊಟ್ಟರು. 1970ರ ದಶಕದಲ್ಲಿ ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನ ಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶ ಏಳು ಸಂಪುಟಗಳಲ್ಲಿ ಬಂದಿತು. ಅದೇ ದಶಕದಲ್ಲಿ ಎಲ್. ಎಸ್. ಶೇಷಗಿರಿರಾಯರು ಸಂಪಾದಿಸಿದ ‘ಭಾರತ ಭಾರತಿ’ ಮಾಲೆ ಆರಂಭವಾಗಿ, ಮಹನೀಯರನ್ನು ಕುರಿತ 500ಕ್ಕೂ ಹೆಚ್ಚು ಕಿರುಹೊತ್ತಗೆಗಳು ಮನೆಮನೆ ಸೇರಿದವು. ಹೊಸ ಸಹಸ್ರಮಾನದ ಆರಂಭದ ಸುಮಾರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಮಿಲೆನಿಯಮ್’ ಮಾಲೆ ಹದಿಹರೆಯದವರನ್ನೂ ಹಿರಿಯರನ್ನೂ ಒಟ್ಟಿಗೆ ಓದಿಗೆ ಎಳೆಯಿತು.

ಮಾಲೆಗಳು ಹುಟ್ಟುವ ರೀತಿ ಮೂರು. ಕಾರಂತರಂತೆ ಒಬ್ಬರೇ ಕುಳಿತು ಬರೆಯುವುದು ಮೊದಲನೆಯದು. ಇದರಲ್ಲಿ ಭಾಷೆ ಒಂದೇ ಹದದಲ್ಲಿರುತ್ತದೆ. ಆದರೆ ಒಬ್ಬರ ತಿಳುವಳಿಕೆಯ ಮೇಲೆಯೇ ಎಲ್ಲ ಭಾರ ಬೀಳುತ್ತದೆ. ಸಂಪಾದಕರೊಬ್ಬರ ಕೆಳಗೆ ಹಲವರು ಬರೆಯುವುದು ಎರಡನೆಯದು. ಇಲ್ಲಿ ಆಯಾ ವಿಷಯ ಬಲ್ಲವರು ಬರೆಯಬಹುದು; ಆದರೆ ಒಬ್ಬರ ಬರಹ ತಿಳಿಯಾಗಿದ್ದು ಇನ್ನೊಬ್ಬರದು ಕಗ್ಗಂಟಾಗಿರಬಹುದು. ಪರದೇಶದ ಮಾಲೆಯೊಂದರ ಚಿತ್ರಗಳನ್ನು ಹಾಗೆಯೇ ಇಟ್ಟುಕೊಂಡು ಮಾತನ್ನು ಮಾತ್ರ ನಮ್ಮ ಭಾಷೆಗೆ ತಿರುಗಿಸುವುದು ಮೂರನೆಯದು. ಇವುಗಳಲ್ಲಿ ಚಿತ್ರ ಅಂದವಾಗಿರುತ್ತದೆ; ಆದರೆ ಚಳಿಗಾಲವೆಂದರೆ ಹಿಮ, ಹಣ್ಣೆಂದರೆ ಸೇಬು. ನಮ್ಮ ಮಗುವಿನ ಊರು ಅದರಲ್ಲಿ ಎಲ್ಲಿಯೂ ಇರುವುದಿಲ್ಲ.

ಆದುದರಿಂದ ಮಾಲೆಯ ಹೆಸರನ್ನು ನೋಡಿ ಕೊಳ್ಳಬಾರದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತೇವೆ. ನಿಜ. ಆದರೆ ಆ ಅಗುಳು ಒಂದು ಪಾತ್ರೆಗೆ ಮಾತ್ರ ಸಾಕ್ಷಿ. ಪಕ್ಕದ ಒಲೆಯ ಪಾತ್ರೆಗೆ ಅಲ್ಲ. ಮಾಲೆಯ ಪ್ರತಿಯೊಂದು ಪುಸ್ತಕವೂ ಒಂದೊಂದು ಪಾತ್ರೆ.

ಹಾಗಾದರೆ ಅಗುಳು ಹಿಚುಕುವುದು ಹೇಗೆ? ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯ ಯಾವ ಪುಟದಲ್ಲಿದೆಯೋ ಆ ಪುಟವನ್ನು ಮೊದಲು ಓದಿ. ಇದೇ ಮೊದಲನೆಯ ಪರೀಕ್ಷೆ.

ಗೌಂಡಿ ಕೆಲಸದವರು ಮನೆ ಕಟ್ಟುವುದನ್ನು ಕುರಿತ ಪುಟ ತೆಗೆಯಲಿ. “ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ” ಎಂದು ಅಲ್ಲಿ ಬರೆದಿದ್ದರೆ ಬರೆದವರು ಕೆಲಸ ನಡೆಯುವ ಜಾಗಕ್ಕೆ ಹೋದವರಲ್ಲ. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಡನೆ ಕೂಡಿ. ಅದಕ್ಕೆಂದೇ ಸ್ಲ್ಯಾಬಿನ ಮೇಲೆ ಬದು ಕಟ್ಟಿ ದಿನಗಟ್ಟಲೆ ನೀರು ನಿಲ್ಲಿಸುತ್ತಾರೆ. ಹೋಟೆಲಿನ ಅಡುಗೆಯವರು ಹಿಟ್ಟು ಹುಳಿ ಬರುವುದರ ಬಗ್ಗೆ ಓದಲಿ. ಕಣ್ಣಿಗೆ ಕಾಣದ ಜೀವಿಗಳು ಹಿಟ್ಟಿನಲ್ಲಿ ಬೆಳೆದು ಗಾಳಿಯನ್ನು ಹುಟ್ಟಿಸುವುದರಿಂದ ಅದು ಉಬ್ಬುತ್ತದೆ, ಚಳಿಯಲ್ಲಿ ಅದಕ್ಕೆ ಹೆಚ್ಚು ಹೊತ್ತು ಬೇಕು ಎಂಬ ಎರಡು ಮಾತೂ ಇದ್ದರೆ ಪುಸ್ತಕ ಒಳ್ಳೆಯದು. ವಿಜಯಪುರ, ಕಲಬುರಗಿಗಳ ಕಡೆಯವರು ಜೋಳದ ಪುಟ ನೋಡಲಿ. ಜೋಳವೆಂದರೆ ಮಳೆಗಾಲದ ಬೆಳೆ ಎಂದಷ್ಟೇ ಇದ್ದರೆ ಅದು ಅರ್ಧ ಸತ್ಯ. ಎರೆಭೂಮಿಯಲ್ಲಿ ಉಳಿದ ಹಸಿಯನ್ನೇ ನಂಬಿ ಬಿತ್ತುವ ಹಿಂಗಾರಿ ಬಿಳಿಜೋಳವನ್ನು ಬರೆದವರು ಕಂಡಿಲ್ಲ. ನೀವು ಬಲ್ಲ ಪುಟ ಸರಿಯಾಗಿದ್ದರೆ ನೀವು ಅರಿಯದ ಪುಟಗಳನ್ನು ಅಷ್ಟಿಷ್ಟು ನಂಬಬಹುದು. ಬಲ್ಲ ಪುಟವೇ ತಪ್ಪಿದ್ದರೆ ಉಳಿದುದರ ಮೇಲೆ ನಂಬಿಕೆ ಹೇಗೆ ಬಂದೀತು?

ನಾವಿರುವ ನೆಲವೂ ಇದೇ ಪರೀಕ್ಷೆಗೆ ಒದಗುತ್ತದೆ. ರೈಲಿನ ಪುಸ್ತಕ ಎಂದ ಮೇಲೆ 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಓಡಿದ ಗಾಡಿಯ ಮಾತು ಬಂದೇ ಬರುತ್ತದೆ. “ಭಾರತದ ಮೊದಲ ರೈಲು” ಎಂದು ಬಿಡುವ ಪುಸ್ತಕಗಳುಂಟು. ಆದರೆ 1837ರಷ್ಟು ಹಿಂದೆಯೇ ಮದರಾಸಿನ ಕೆಂಪುಗುಡ್ಡ ಪ್ರದೇಶದಿಂದ ರಸ್ತೆಯ ಕಲ್ಲು ಸಾಗಿಸಲು ಹಳಿ ಹಾಕಿದ್ದರು. “ಸಾರ್ವಜನಿಕ ಪ್ರಯಾಣಿಕರ ಮೊದಲ ರೈಲು” ಎಂದು ಎಚ್ಚರಿಕೆಯಿಂದ ಬರೆದ ಪುಸ್ತಕವೇ ಮೇಲು. ಹಾಗೆಯೇ ಠಾಣೆಯ ಖಾರಿಗೆ ವರ್ಷವರ್ಷವೂ ಬಂದಿಳಿಯುವ ರಾಜಹಂಸಗಳನ್ನು ಮಗುವಿಗೆ ಕಣ್ಣಾರೆ ತೋರಿಸಬಹುದು. ಅವುಗಳ ಗುಲಾಬಿ ಬಣ್ಣ ತಿನ್ನುವ ಆಹಾರದಿಂದ ಬರುತ್ತದೆ, ಮರಿಗಳು ಬೂದುಬಣ್ಣದವು ಎಂಬುದನ್ನು ಹಕ್ಕಿಯ ಪುಸ್ತಕ ಹೇಳುತ್ತದೆಯೇ ನೋಡಿ. ಪುಸ್ತಕ ಓದಿ ಖಾರಿಗೆ ಹೋಗುವ, ಖಾರಿ ನೋಡಿ ಪುಸ್ತಕಕ್ಕೆ ಮರಳುವ ಮಗು ಬೇಗ ಕಲಿಯುತ್ತದೆ.

ಎರಡನೆಯ ಪರೀಕ್ಷೆ ಮುದ್ರಣದ ವರ್ಷ. ಒಳಪುಟದಲ್ಲಿ ‘ಮರುಮುದ್ರಣ’ ಎಂದಿದೆಯೋ ‘ಪರಿಷ್ಕೃತ ಮುದ್ರಣ’ ಎಂದಿದೆಯೋ ನೋಡಿ. ಮರುಮುದ್ರಣವೆಂದರೆ ಹಳೆಯದನ್ನೇ ಮತ್ತೆ ಅಚ್ಚು ಹಾಕಿದ್ದು. ಪರಿಷ್ಕರಣವೆಂದರೆ ಯಾರೋ ಕುಳಿತು ತಿದ್ದಿದ್ದಾರೆಂದು ಅರ್ಥ. ಹೊದಿಕೆ ಹೊಸದಾದ ಮಾತ್ರಕ್ಕೆ ಒಳಗಿನ ಮಾತು ಹೊಸದಾಗುವುದಿಲ್ಲ. 2006ರಲ್ಲಿ ಖಗೋಳ ವಿಜ್ಞಾನಿಗಳು ಪ್ಲೂಟೋವನ್ನು ಗ್ರಹಗಳ ಸಾಲಿನಿಂದ ತೆಗೆದರು. ಈಗ ಗ್ರಹಗಳು ಎಂಟು. 2013ರಲ್ಲಿ ತಂತಿ ಸೇವೆ ನಿಂತಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿ ಕರ್ನಾಟಕದ ಜಿಲ್ಲೆಗಳು 31 ಆದವು. ಈ ಮೂರನ್ನು ತಟ್ಟಿ ನೋಡಿದರೆ ಪುಸ್ತಕದ ವಯಸ್ಸು ತಿಳಿದುಬಿಡುತ್ತದೆ. ಹಾಗೆಂದು ಹಳೆಯ ಮಾಲೆಗಳನ್ನು ಎಸೆಯಬೇಕಾಗಿಲ್ಲ. ಕಷ್ಟದ ವಿಷಯವನ್ನು ಕನ್ನಡದಲ್ಲಿ ಹೇಗೆ ಹೇಳಬಹುದೆಂದು ಕಲಿಯಲು ಕಾರಂತರನ್ನೂ ನಿರಂಜನರನ್ನೂ ಈಗಲೂ ಓದಬೇಕು. ಆದರೆ ಮಗು ಪರೀಕ್ಷೆಗೆ ಅಂಕಿಅಂಶ ಬರೆದುಕೊಳ್ಳುವುದು ಹೊಸ ಪುಸ್ತಕದಿಂದಲೇ ಆಗಬೇಕು.

ಮೂರನೆಯ ಪರೀಕ್ಷೆ ಜೀವನಚರಿತ್ರೆಗಳಿಗೆ ಸಂಬಂಧಿಸಿದ್ದು. “ಇದು ನಿಮಗೆ ಹೇಗೆ ಗೊತ್ತು?” ಎಂದು ಪುಸ್ತಕವನ್ನು ಕೇಳಬೇಕು. ವಿಶ್ವೇಶ್ವರಯ್ಯನವರ ಜೀವನವನ್ನೇ ತೆಗೆದುಕೊಳ್ಳೋಣ. ಬೀದಿದೀಪದ ಕೆಳಗೆ ಓದಿದರೆಂಬ ಕಥೆಯನ್ನು ಅವರ ಬಗ್ಗೆಯೂ ಹೇಳುತ್ತಾರೆ, ಈಶ್ವರಚಂದ್ರ ವಿದ್ಯಾಸಾಗರರ ಬಗ್ಗೆಯೂ ಹೇಳುತ್ತಾರೆ. ಒಳ್ಳೆಯ ಪುಸ್ತಕ ಇಂಥದನ್ನು “ಹೀಗೆ ಹೇಳುವುದುಂಟು” ಎಂದು ಬೇರೆಯಾಗಿಟ್ಟು, ದಾಖಲೆಯುಳ್ಳದ್ದನ್ನು ವಿಸ್ತರಿಸುತ್ತದೆ. ಅವರು ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಮುಂಬಯಿ ಪ್ರಾಂತದ ಸೇವೆಗೆ ಸೇರಿದ್ದು, 1903ರಲ್ಲಿ ಪುಣೆಯ ಹತ್ತಿರದ ಖಡಕವಾಸಲಾ ಅಣೆಕಟ್ಟಿಗೆ ತಾವೇ ಯೋಜಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಕೂಡಿಸಿದ್ದು, 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದದ್ದು, 1912ರಿಂದ 1918ರವರೆಗೆ ದಿವಾನರಾಗಿದ್ದದ್ದು ಎಲ್ಲವೂ ದಾಖಲೆಯಲ್ಲಿದೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ 1930ರ ದಶಕದ ಆದಿಯಲ್ಲಿ ಮುಗಿಯಿತು. ಅಂದರೆ ಅವರು ದಿವಾನಗಿರಿ ಬಿಟ್ಟ ಎಷ್ಟೋ ವರ್ಷಗಳ ಮೇಲೆ. ಕಲ್ಲು ಹೊತ್ತವರು ಸಾವಿರಾರು ಕೂಲಿಗಳು. ಹಳೆಯ ಕನ್ನಂಬಾಡಿ ಊರು ನೀರಿನಡಿ ಹೋಯಿತು. ಇಷ್ಟನ್ನೂ ಹೇಳುವ ಪುಸ್ತಕದಿಂದ ವಿಶ್ವೇಶ್ವರಯ್ಯನವರ ಹಿರಿಮೆ ಕುಗ್ಗುವುದಿಲ್ಲ. ತನ್ನ ತಂದೆ ಇಂದು ಮಾಡುವಂಥ ಕೆಲಸಕ್ಕೂ ಚರಿತ್ರೆಯಲ್ಲಿ ಜಾಗವುಂಟೆಂದು ಕೂಲಿಯವನ ಮಗನಿಗೆ ಅದರಿಂದ ತಿಳಿಯುತ್ತದೆ.

ಚಿತ್ರಕಥೆಯ ಮಾಲೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ಮುಂಬಯಿಯಿಂದ ಆರಂಭಿಸಿದ ‘ಅಮರ ಚಿತ್ರ ಕಥೆ’ಯಲ್ಲಿ ಪುರಾಣವೂ ಇದೆ, ಚರಿತ್ರೆಯೂ ಇದೆ. ಎರಡೂ ಒಂದೇ ಬಗೆಯ ಹೊದಿಕೆಯಲ್ಲಿ ಬರುತ್ತವೆ. ಬಾಯಿಂದ ಹೊರಡುವ ಮಾತುಗಳು ಕಥೆಗಾರರು ಹೊಂದಿಸಿದವು. ಮಕ್ಕಳು ಆನಂದದಿಂದ ಓದಲಿ; ಯಾವುದು ಪುರಾಣ, ಯಾವುದು ಚರಿತ್ರೆ ಎಂದು ಹಿರಿಯರು ಜತೆಗೆ ಹೇಳಿದರಾಯಿತು.

ಇನ್ನು ಉಳಿದ ಅಂಶಗಳು ಚಿಕ್ಕವು. ಚಿಕ್ಕ ಮಕ್ಕಳ ಪುಸ್ತಕದಲ್ಲಿ ಅಕ್ಷರ ದೊಡ್ಡದಿರಬೇಕು, ಇರುವೆಯನ್ನೂ ಆನೆಯನ್ನೂ ಒಂದೇ ಗಾತ್ರದಲ್ಲಿ ಬರೆದಿದ್ದರೆ ನಿಜವಾದ ಅಳತೆಯನ್ನು ಪಕ್ಕದಲ್ಲಿ ಹೇಳಿರಬೇಕು. ಹದಿಹರೆಯದವರ ಪುಸ್ತಕದ ಕೊನೆಯಲ್ಲಿ ಪದಸೂಚಿ ಇರಬೇಕು. ಬೇಕಾದ ವಿಷಯವನ್ನು ತಾನೇ ಹುಡುಕಿ ತೆಗೆಯುವ ಅಭ್ಯಾಸ ಅದರಿಂದ ಬರುತ್ತದೆ. ಈ ವಯಸ್ಸಿನವರಿಗೆ ಬುದ್ಧಿವಾದ ಹೇಳುವ ಪುಸ್ತಕ ರುಚಿಸದು. “ಇದು ಇನ್ನೂ ಯಾರಿಗೂ ತಿಳಿಯದು” ಎಂದು ಒಂದೆರಡು ಕಡೆಯಾದರೂ ಒಪ್ಪಿಕೊಳ್ಳುವ ಪುಸ್ತಕವನ್ನು ಅವರು ಗೌರವಿಸುತ್ತಾರೆ.

ನಮ್ಮ ಮನೆಗಳಿಗೇ ವಿಶೇಷವಾದ ತೊಡಕೊಂದಿದೆ. ತಂದೆಗೆ ಕನ್ನಡ ಓದಲು ಬರುತ್ತದೆ, ಮಗನಿಗೆ ಮರಾಠಿ ಓದಲು ಬರುತ್ತದೆ. ಇದಕ್ಕೆ ಒಂದು ಉಪಾಯವುಂಟು. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟಿನ ‘ನೆಹರೂ ಬಾಲ ಪುಸ್ತಕಾಲಯ’ದ ಪುಸ್ತಕಗಳು ಒಂದೇ ಚಿತ್ರಗಳೊಡನೆ ಹಲವು ಭಾರತೀಯ ಭಾಷೆಗಳಲ್ಲಿ ಬರುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಪುಸ್ತಕಗಳನ್ನು ಮೊಬೈಲಿನಲ್ಲಿಯೇ ಉಚಿತವಾಗಿ ಓದಬಹುದು. ಒಂದೇ ಪುಸ್ತಕದ ಎರಡು ಭಾಷೆಯ ಪ್ರತಿಗಳನ್ನು ಇಟ್ಟುಕೊಂಡು ತಂದೆ ಮಕ್ಕಳು ಜತೆಯಲ್ಲಿ ಓದಿದರೆ ಮಗುವಿಗೆ ಕನ್ನಡದ ಅಕ್ಷರವೂ ಹತ್ತುತ್ತದೆ.

ಕೊನೆಯದಾಗಿ ಸದಸ್ಯರಲ್ಲಿ ವಿನಂತಿ. ಇಡೀ ಕಟ್ಟನ್ನು ಕೊಳ್ಳುವ ಮೊದಲು ಮಾಲೆಯ ಒಂದು ಪುಸ್ತಕವನ್ನು ವಾಚನಾಲಯದಲ್ಲಿ ಕುಳಿತು ನೋಡಿ. ನಿಮ್ಮ ಕಸುಬಿಗೆ ಸೇರಿದ ಪುಟದಲ್ಲಿ ತಪ್ಪು ಕಂಡರೆ ಪುಸ್ತಕದ ಮೇಲೆ ಗೀಚದೆ, ಪುಟದ ಅಂಕಿಯೊಡನೆ ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಬರೆದುಕೊಳ್ಳುತ್ತೇವೆ. ಗೌಂಡಿಯವರ ಚೀಟಿ, ಅಡುಗೆಯವರ ಚೀಟಿ, ಗುಮಾಸ್ತರ ಚೀಟಿ ಇವೆಲ್ಲ ಸೇರಿದರೆ, ಮುಂದೆ ಯಾವ ಪುಸ್ತಕ ತರಿಸಬೇಕು, ಯಾವುದನ್ನು ಬಿಡಬೇಕು ಎಂದು ಗೊತ್ತುಮಾಡಲು ನಮಗೆ ಬೇರೆ ವಿಮರ್ಶಕರು ಬೇಕಾಗುವುದಿಲ್ಲ.