ಅಧ್ಯಾಯಗಳ ಪಟ್ಟಿ

ಜವಳಿ ವರ್ತಕನಾಗಿರುವ ನನ್ನ ಹಳೆಯ ಶಿಷ್ಯನೊಬ್ಬ, ವ್ಯಾಪಾರದಲ್ಲಿ ಏಳಿಗೆ ಬಯಸುವವರಿಗಾಗಿ ತಾನು ಬರೆಯಲಿರುವ ಮೊದಲ ಪುಸ್ತಕದ ಅಧ್ಯಾಯಪಟ್ಟಿಯನ್ನು ಮೊನ್ನೆ ತೋರಿಸಿದನು. ಇಪ್ಪತ್ತು ಅಧ್ಯಾಯ, ಇಪ್ಪತ್ತೂ ಉಪದೇಶ. ಒಬ್ಬ ಗಿರಾಕಿಯ ಸುಳಿವೂ ಇಲ್ಲ.

ಅವನಿಗೆ ಸ್ಯಾಮ್ಯುಯೆಲ್ ಸ್ಮೈಲ್ಸನ ಕಥೆ ಹೇಳಿದೆನು. ೧೮೪೫ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ದುಡಿಮೆಗಾರ ತರುಣರು, ಸಂಜೆ ಕೂಡಿ ಕಲಿಯುತ್ತಿದ್ದವರು, ಆತನನ್ನು ಭಾಷಣಕ್ಕೆ ಕರೆದರು. ಆತನು ಸ್ವಪ್ರಯತ್ನದಿಂದ ಮೇಲೆದ್ದವರ ಬಾಳನ್ನು ಬಣ್ಣಿಸಿದನು. ಆ ಮಾತುಗಳೇ ಬೆಳೆದು ‘ಸೆಲ್ಫ್ ಹೆಲ್ಪ್’ ಗ್ರಂಥವಾಯಿತು. ಪ್ರಕಾಶಕರೊಬ್ಬರು ಒಲ್ಲೆನೆಂದಿದ್ದ ಆ ಹಸ್ತಪ್ರತಿ ೧೮೫೯ರಲ್ಲಿ ಅಚ್ಚಾಗಿ, ಮೊದಲ ವರ್ಷವೇ ೨೦,೦೦೦ ಪ್ರತಿಗಳು ಮಾರಾಟವಾದವು. ವರ್ತಕರಿಗೆಂದೇ ಅದರಲ್ಲೊಂದು ಅಧ್ಯಾಯವುಂಟು. ಉಪದೇಶಕ್ಕೆ ಅಲ್ಲಿಯೂ ಕೊರತೆಯಿಲ್ಲ, ನಿಜ. ಆದರೆ ಅದರ ಬೆನ್ನಿಗೆ ಮನುಷ್ಯರಿದ್ದಾರೆ.

“ನನ್ನ ಅಂಗಡಿ ಒಮ್ಮೆ ಮುಳುಗಿತ್ತು ಮೇಷ್ಟ್ರೇ. ಬರೆಯಲು ನಾಚಿಕೆ” ಎಂದನು.

ಅದನ್ನೇ ಮೊದಲು ಬರೆ ಎಂದೆನು. ಅವನು ಮಾತಾಡದೆ ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡನು.