ಸಾಕ್ಷಿಗೂ ಒಂದು ಪರೀಕ್ಷೆ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಕಣ್ಣು ನುಡಿದ ಸಾಕ್ಷ್ಯವನ್ನೂ ಒರೆಗೆ ಹಚ್ಚಬೇಕೆಂಬುದು ಅದರ ಇಂಗಿತ. ಆದರೆ ಸಾಕ್ಷಿಯಾಗಿ ನಿಂತ ಕಣ್ಣನ್ನೇ ಪ್ರಮಾಣಿಸಿ ನೋಡುವವರು ನಮ್ಮಲ್ಲಿ ಎಷ್ಟು ಮಂದಿ? ಹಲ್ಲು ಕೆಟ್ಟರೆ ನೋವು ತಾನಾಗಿ ಬಂದು ಬಾಗಿಲು ತಟ್ಟುತ್ತದೆ. ದೃಷ್ಟಿಯಾದರೋ ಬಹುಮಟ್ಟಿಗೆ ಸದ್ದಿಲ್ಲದೆ ಕುಂದುತ್ತದೆ. ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಒಮ್ಮೆ ಒಬ್ಬ ಹುಡುಗನಿಂದ, ಇನ್ನೊಮ್ಮೆ ನನ್ನ ಕಣ್ಣುಗಳಿಂದಲೇ ಕಲಿತೆ.

ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸದರಲ್ಲಿ, 1978ರ ಸುಮಾರಿಗೆ, ನಾನು ಮಲೆನಾಡಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಬಾಯಿಲೆಕ್ಕದಲ್ಲಿ ಚುರುಕು; ಹಲಗೆಯ ಲೆಕ್ಕವನ್ನು ಬರೆದುಕೊಳ್ಳುವಾಗ ಮಾತ್ರ 8 ಇದ್ದಲ್ಲಿ 3 ಬರೆಯುವನು, ಇಲ್ಲವೆ ಪಕ್ಕದವನ ಪುಸ್ತಕಕ್ಕೆ ಇಣುಕುವನು. ಅಲಕ್ಷ್ಯವೆಂದು ಗದರಿದೆ, ಕಳ್ಳತನವೆಂದು ಹೊರಗೆ ನಿಲ್ಲಿಸಿದೆ. ಒಂದೆರಡು ಸಲವಲ್ಲ, ವರ್ಷದ ಉದ್ದಕ್ಕೂ. ಮರುವರ್ಷ ನೇತ್ರವೈದ್ಯರೊಬ್ಬರು ಶಾಲೆಗೆ ಬಂದು ಗೋಡೆಗೆ ಅಕ್ಷರಗಳ ಪಟವೊಂದನ್ನು ತೂಗುಹಾಕಿದರು. ಹುಡುಗ ಮೇಲಿನ ಒಂದು ದೊಡ್ಡ ಅಕ್ಷರವನ್ನು ಓದಿ ಸುಮ್ಮನಾದ. "ಹಲಗೆ ಕಾಣದೆಂದು ನೀನೇಕೆ ಹೇಳಲಿಲ್ಲ?" ಎಂದು ಕೇಳಿದೆ. "ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿದ್ದೆ ಸಾರ್" ಎಂದ. ಆ ಉತ್ತರ ಇಂದಿಗೂ ನನ್ನ ಕಿವಿಯಲ್ಲಿದೆ.

ಆ ಪಟವನ್ನು 1862ರಲ್ಲಿ ರೂಪಿಸಿದವನು ಹಾಲೆಂಡಿನ ಯುಟ್ರೆಕ್ಟ್ ನಗರದ ವೈದ್ಯ ಹರ್ಮನ್ ಸ್ನೆಲೆನ್. ರೋಗಿಯನ್ನು 6 ಮೀಟರ್ ದೂರದಲ್ಲಿ ಕೂರಿಸಿ, ಒಂದು ಕಣ್ಣನ್ನು ಮುಚ್ಚಿಸಿ, ಇನ್ನೊಂದರಿಂದ ಓದಿಸುತ್ತಾರೆ. ಒಂದೊಂದೇ ಕಣ್ಣನ್ನು ಪರೀಕ್ಷಿಸುವುದಕ್ಕೆ ಕಾರಣವುಂಟು: ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಒಳ್ಳೆಯ ನೆರೆಯವನಂತೆ ಮುಚ್ಚಿಹಾಕುತ್ತದೆ. ಮೇಲಿನ ಅಕ್ಷರದ ಎತ್ತರ ಸುಮಾರು 9 ಸೆಂಟಿಮೀಟರ್. ಆರೋಗ್ಯದ ಕಣ್ಣು ಅದನ್ನು 60 ಮೀಟರ್ ದೂರದಿಂದ ಓದಬಲ್ಲುದು. ಅದನ್ನಷ್ಟೇ 6 ಮೀಟರಿನಿಂದ ಓದಬಲ್ಲ ಕಣ್ಣಿನ ದೃಷ್ಟಿಯನ್ನು 6/60 ಎಂದು ಬರೆಯುತ್ತಾರೆ. ಸುಮಾರು 9 ಮಿಲಿಮೀಟರ್ ಎತ್ತರದ ಅಕ್ಷರಗಳ ಸಾಲನ್ನು ಅಲ್ಲಿಂದಲೇ ಓದಿದರೆ 6/6. ಅಕ್ಷರ ಬಾರದವರಿಗೆ ಇಂಗ್ಲಿಷಿನ 'ಇ' ಅಕ್ಷರವನ್ನು ನಾನಾ ದಿಕ್ಕಿಗೆ ತಿರುಗಿಸಿದ ಪಟವಿದೆ. ಅದರ ಹಲ್ಲುಗಳು ಯಾವ ಕಡೆಗಿವೆಯೆಂದು ಬೆರಳಿನಿಂದ ತೋರಿಸಿದರೆ ಸಾಕು.

ಹುಡುಗನ ಕಣ್ಣ ಮುಂದೆ ವೈದ್ಯರು ಸೂಜಿಯ ಮೊನೆಯಷ್ಟು ರಂಧ್ರವಿದ್ದ ತಗಡೊಂದನ್ನು ಹಿಡಿದರು. ಅದರ ಮೂಲಕ ಅವನು ಇನ್ನೂ ನಾಲ್ಕು ಸಾಲುಗಳನ್ನು ಓದಿಬಿಟ್ಟ! ನಾನು ಬೆರಗಾದೆ. ಇದರಲ್ಲಿ ಇಂದ್ರಜಾಲವೇನೂ ಇಲ್ಲ. ಕಿರಿದಾದ ರಂಧ್ರ ಚದರಿದ ಕಿರಣಗಳನ್ನು ತಡೆದು ನಡುವಿನವನ್ನಷ್ಟೇ ಒಳಗೆ ಬಿಡುವುದರಿಂದ ಬಿಂಬ ಸ್ಪಷ್ಟವಾಗುತ್ತದೆ. ಹಾಗಾದರೆ ದೋಷವಿರುವುದು ಬೆಳಕು ಕೂಡುವ ಸ್ಥಾನದಲ್ಲಿ. ಅದಕ್ಕೆ ಕನ್ನಡಕವೇ ಮದ್ದು. ರಂಧ್ರದಿಂದಲೂ ದೃಷ್ಟಿ ಸುಧಾರಿಸದಿದ್ದರೆ ಕಾರಣವನ್ನು ಬೇರೆಡೆ ಅರಸಬೇಕು.

ವಯಸ್ಕರ ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರ್. ಅದು ಒಂದೇ ಮಿಲಿಮೀಟರ್ ಹೆಚ್ಚಾದರೂ ದೂರದ ವಸ್ತುವಿನ ಬಿಂಬ ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಕೂಡಿ, ಪಟಲದ ಮೇಲೆ ಕಲಸಿಹೋಗುತ್ತದೆ. ಇದು ಸಮೀಪದೃಷ್ಟಿ: ಹತ್ತಿರದ್ದು ಸ್ಪಷ್ಟ, ದೂರದ್ದು ಅಸ್ಪಷ್ಟ. ನಿಮ್ನ ಮಸೂರ ಇದನ್ನು ಸರಿಪಡಿಸುತ್ತದೆ. ಗುಡ್ಡೆ ಗಿಡ್ಡವಾದರೆ ದೂರದೃಷ್ಟಿ. ಅದಕ್ಕೆ ಪೀನ ಮಸೂರ ಬೇಕು. ಕಣ್ಣಿನ ಮುಂಭಾಗದ ಬಾಗು ಎಲ್ಲ ದಿಕ್ಕಿಗೂ ಸಮನಾಗಿರದಿದ್ದರೆ ಅಸಮದೃಷ್ಟಿ. ಇಂಗ್ಲೆಂಡಿನ ಥಾಮಸ್ ಯಂಗ್ 1801ರಲ್ಲಿ ಇದನ್ನು ತನ್ನ ಕಣ್ಣಿನಲ್ಲಿಯೇ ಗುರುತಿಸಿ ವಿವರಿಸಿದ. ಇನ್ನು ಮಕ್ಕಳಲ್ಲಿ ಮಂದಗಣ್ಣೆಂಬುದೊಂದುಂಟು. ಒಂದು ಕಣ್ಣು ಮೆಳ್ಳೆಯಾಗಿದ್ದರೆ, ಇಲ್ಲವೆ ಅದರ ಬಿಂಬ ಸದಾ ಮಸುಕಾಗಿದ್ದರೆ, ಮಿದುಳು ಆ ಕಣ್ಣಿನ ಮಾತಿಗೆ ಕಿವಿಗೊಡುವುದನ್ನೇ ಬಿಡುತ್ತದೆ. ಎಳವೆಯಲ್ಲಿ ಕಂಡುಹಿಡಿದು, ಒಳ್ಳೆಯ ಕಣ್ಣನ್ನು ಕೆಲಹೊತ್ತು ಮುಚ್ಚಿ, ಸೋಮಾರಿ ಕಣ್ಣಿನಿಂದ ಕೆಲಸ ಮಾಡಿಸಿದರೆ ದೃಷ್ಟಿ ಮರಳುವ ಸಂಭವ ಹೆಚ್ಚು. ತಡವಾದಷ್ಟೂ ಅದು ಕಷ್ಟ.

ಎರಡನೆಯ ಪಾಠ ನನಗೆ ದೊರೆತದ್ದು ನಲವತ್ತು ದಾಟಿದ ಮೇಲೆ. ಪತ್ರಿಕೆಯನ್ನು ತೋಳಿನಳತೆಗೆ ಹಿಡಿದರೂ ಅಕ್ಷರ ನಿಲ್ಲದಾಯಿತು. ಕಣ್ಣಿನೊಳಗಿನ ಮಸೂರ ವಯಸ್ಸಿನೊಂದಿಗೆ ಗಡುಸಾಗಿ, ಹತ್ತಿರದ ನೋಟಕ್ಕೆ ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುವುದರಿಂದ ಹೀಗಾಗುತ್ತದೆ. ನಮ್ಮ ಜನ ಇದಕ್ಕೆ ಚಾಳೀಸೆಂದು ಹೆಸರಿಟ್ಟು, ನಲವತ್ತರ ಲೆಕ್ಕವನ್ನು ಆ ಹೆಸರಿನಲ್ಲೇ ಅಡಗಿಸಿದ್ದಾರೆ. ಅಂಗಡಿಯಲ್ಲಿ ಕನ್ನಡಕ ಕೊಂಡರಾಯಿತೆಂದು ನಾನು. ಪರೀಕ್ಷೆಯಾಗಲಿ ಎಂದು ಮನೆಯವರು. ಪುಣ್ಯಕ್ಕೆ ಮನೆಯವರ ಮಾತು ಗೆದ್ದಿತು.

ವೈದ್ಯರು ಪಟ ಓದಿಸಿ ಅಷ್ಟಕ್ಕೇ ಬಿಡಲಿಲ್ಲ. ಪಾಪೆಗೆ ಬೆಳಕು ಬಿಟ್ಟು ಅದು ಕುಗ್ಗುವುದನ್ನು ನೋಡಿದರು. ಒಂದು ಕಣ್ಣಿಗೆ ಬೆಳಕು ಬಿದ್ದರೆ ಎರಡೂ ಪಾಪೆಗಳು ಒಟ್ಟಿಗೆ ಕುಗ್ಗಬೇಕು. ಬೆರಳನ್ನು ಅತ್ತಿತ್ತ ಆಡಿಸಿ ಕಣ್ಣುಗಳು ಜೊತೆಯಾಗಿ ಹಿಂಬಾಲಿಸುವುವೇ ಎಂದು ಪರೀಕ್ಷಿಸಿದರು. ಎದುರು ಕುಳಿತು, ತಮ್ಮ ಮುಖದ ಮೇಲೆ ನನ್ನ ದೃಷ್ಟಿ ನಿಲ್ಲಿಸಿ, ಪಕ್ಕದಿಂದ ಬೆರಳುಗಳನ್ನು ತೋರಿಸುತ್ತ ಎಷ್ಟೆಂದು ಕೇಳಿದರು. ಆಮೇಲೆ ಕಣ್ಣಿನೊಳಗಿನ ಒತ್ತಡವನ್ನು ಅಳೆದರು. ಕೊನೆಗೆ ಹನಿ ಹಾಕಿ, ಪಾಪೆ ಹಿಗ್ಗಿದ ಮೇಲೆ ಒಳಗಣ್ಣನ್ನು ಇಣುಕಿದರು. ಹೀಗೆ ಇಣುಕುವ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಲೋಕದ ಮುಂದಿಟ್ಟ. ರಕ್ತನಾಳಗಳನ್ನೂ ದೃಷ್ಟಿನರದ ತುದಿಯನ್ನೂ ಗಾಯ ಮಾಡದೆ ಕಾಣಬಹುದಾದ ಸ್ಥಳ ದೇಹದಲ್ಲಿ ಇದೊಂದೇ. ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ತಮ್ಮ ಹೆಜ್ಜೆಗುರುತನ್ನು ಇಲ್ಲಿ ಮೂಡಿಸುವುದುಂಟು.

ಕಣ್ಣಿನ ಒತ್ತಡ ಪಾದರಸದ ಅಳತೆಯಲ್ಲಿ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್. ನನ್ನದು 28 ಇತ್ತು. ನರದ ತುದಿಯ ಗುಳಿಯೂ ಅಗಲವಾಗಿತ್ತು. ಅದು ಗ್ಲಾಕೋಮಾ. ಅದರ ಬಹುಸಾಮಾನ್ಯವಾದ ಬಗೆ ನೋಯಿಸುವುದಿಲ್ಲ, ಕೆಂಪಾಗಿಸುವುದಿಲ್ಲ; ನಡುವಿನ ನೋಟವನ್ನು ಉಳಿಸಿಟ್ಟು ಅಂಚುಗಳನ್ನು ಮೆಲ್ಲಮೆಲ್ಲನೆ ಕಬಳಿಸುತ್ತದೆ. ನಾನು ಪಟದ ಕೆಳಗಿನ ಸಾಲನ್ನು ಸರಾಗವಾಗಿ ಓದಿದ್ದೆನಲ್ಲ! "ನನಗೇನೂ ತೊಂದರೆ ಕಾಣಲಿಲ್ಲವಲ್ಲ" ಎಂದೆ. ಮಾತು ಬಾಯಿಂದ ಹೊರಬೀಳುವಷ್ಟರಲ್ಲಿ ಆ ಹುಡುಗ ನೆನಪಾದ. ಅವನು ಹೇಳಿದ್ದೂ ಇದೇ ಅಲ್ಲವೆ?

ಪೊರೆ ಬಂದ ಕಣ್ಣಿಗೆ ಈ ನಿರಾಶೆಯಿಲ್ಲ. ಮಸುಕಾದ ಮಸೂರವನ್ನು ತೆಗೆದು ಕೃತಕ ಮಸೂರವನ್ನಿಟ್ಟರೆ, ಉಳಿದ ಭಾಗಗಳು ಚೆನ್ನಾಗಿದ್ದಲ್ಲಿ, ಬೆಳಕು ಮರಳುತ್ತದೆ. ಕೃತಕ ಮಸೂರಗಳು ಸುಲಭವಾಗಿ ದೊರೆಯದಿದ್ದ ಕಾಲದಲ್ಲಿಯೇ ನಮ್ಮ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ಹೂಡಿ ಅಸಂಖ್ಯ ಬಡವರ ಪೊರೆ ತೆಗೆದರು. ದಪ್ಪ ಗಾಜಿನ ಕನ್ನಡಕ ಧರಿಸಿ ಆ ಜನ ಮತ್ತೆ ಮನೆಯ ದಾರಿ ಕಂಡರು. ಗ್ಲಾಕೋಮಾ ಕಸಿದ ದೃಷ್ಟಿಯಾದರೋ ಮರಳುವುದಿಲ್ಲ. ಉಳಿದುದನ್ನು ಹನಿಯಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಕಾಯ್ದುಕೊಳ್ಳಬಹುದಷ್ಟೆ. ಆದುದರಿಂದಲೇ ನಲವತ್ತು ದಾಟಿದವರು, ಅದರಲ್ಲೂ ಮನೆತನದಲ್ಲಿ ಈ ಕಾಯಿಲೆ ಇದ್ದವರು, ಚೆನ್ನಾಗಿಯೇ ಕಾಣುತ್ತಿದ್ದರೂ ಪರೀಕ್ಷೆಗೆ ಹೋಗಬೇಕು. ಉಪಾಧ್ಯಾಯ ಮಿತ್ರರಲ್ಲಿ ನನ್ನ ವಿನಂತಿ ಇನ್ನೂ ಸಣ್ಣದು: ಹಲಗೆಯ ಲೆಕ್ಕವನ್ನು ತಪ್ಪಾಗಿ ಬರೆದುಕೊಳ್ಳುವ ಮಗುವನ್ನು ಗದರುವ ಮೊದಲು ಒಮ್ಮೆ ಮುಂದಿನ ಬೆಂಚಿಗೆ ಕರೆದು ಬರೆಯಿಸಿ ನೋಡಿ.

ಕನ್ನಡಕ ಬಂದ ದಿನ ಆ ಹುಡುಗ ಶಾಲೆಯ ಜಗಲಿಯಲ್ಲಿ ನಿಂತು ಎದುರು ಮನೆಯ ಮಾಡನ್ನು ಬಹಳ ಹೊತ್ತು ನೋಡಿದ. "ಸಾರ್, ಹಂಚುಗಳನ್ನು ಎಣಿಸಬಹುದು!" ಎಂದ. ಅದೇ ಜಗಲಿಯಲ್ಲಿ ನಾನು ಅವನನ್ನು ಎಷ್ಟೋ ಸಲ ನಿಲ್ಲಿಸಿದ್ದೆ. ತಪ್ಪಾಯಿತೆಂದು ಹೇಳಬೇಕೆನಿಸಿತು, ಮೇಷ್ಟರೆಂಬ ಬಿಂಕ ಬಿಡಲಿಲ್ಲ. ಈಗ ದಿನವೂ ರಾತ್ರಿ ಹನಿ ಹಾಕಿಕೊಂಡು ಕೆಲವು ನಿಮಿಷ ಕಣ್ಣು ಮುಚ್ಚಿ ಕೂರುತ್ತೇನೆ. ಆಗ ಆ ಮಾಡೂ ಜಗಲಿಯೂ ಹುಡುಗನೂ ಸ್ಪಷ್ಟವಾಗಿ ಕಾಣುತ್ತಾರೆ.